ಅರ್ಧ ಗಡ್ಡದ ನೆನಪು

"ಎಡಗೆನ್ನೆ ಮುಗಿದಿತ್ತು ಮೇಡಂ. ಬಲಗೆನ್ನೆ ತುಂಬ ಸೋಪಿನ ನೊರೆ. ಅಷ್ಟು ಹೊತ್ತಿಗೆ ರೇಡಿಯೋದಲ್ಲಿ ಬರ್ತಿದ್ದ ಹಾಡು ಅರ್ಧಕ್ಕೇ ನಿಂತುಹೋಯ್ತು."

ಹೀಗೆ ಹೇಳುವಾಗ ಲಾಂಡ್ರಿ ಯಜಮಾನರು ತಮ್ಮ ಬಲಗೆನ್ನೆಯನ್ನು ಅಂಗೈಯಿಂದ ಮುಚ್ಚಿಕೊಂಡಿದ್ದರು. ಈಗಲೂ ಅಲ್ಲಿ ನೊರೆ ಇದೆ, ಜಾರಿ ಅಂಗಿಯ ಮೇಲೆ ಬಿದ್ದೀತು ಎನ್ನುವವರ ಹಾಗೆ.

ಮೇಜಿನ ಈಚೆ ಕಡೆ ಕೂತಿದ್ದ ಇನ್ಸ್‌ಪೆಕ್ಟರ್ ಸುಮ್ಮನೆ ಕೇಳಿಸಿಕೊಂಡಳು. ಈ ಕಥೆ ಅವಳಿಗೆ ಹೆಚ್ಚುಕಡಿಮೆ ಬಾಯಿಪಾಠವಾಗಿತ್ತು. ಯಜಮಾನರು ಎಷ್ಟು ಸಲ ಹೇಳಿದರೂ ಒಂದಕ್ಷರ ಅತ್ತಿತ್ತ ಆಗುತ್ತಿರಲಿಲ್ಲ.

ಲಾಂಡ್ರಿಯ ಹಿತ್ತಲಲ್ಲಿ ಹೊಸ ಯಂತ್ರಕ್ಕೆ ಪಾಯ ತೋಡುವಾಗ, ಎಂದೋ ಚಪ್ಪಡಿ ಹಾಕಿ ಮುಚ್ಚಿದ್ದ ನೀರಿನ ಸಂಪಿನಲ್ಲಿ ಸಿಕ್ಕ ಮೂಳೆಗಳು ಯಜಮಾನರ ಒಡಹುಟ್ಟಿದ ತಮ್ಮನವು ಎಂದು ಡಾಕ್ಟರು ಹೇಳಿಯಾಗಿತ್ತು. ತಲೆಬುರುಡೆಯ ಹಿಂಭಾಗ ಒಡೆದಿತ್ತು.

ಆ ತಮ್ಮ ಹಡಗಿನ ಕೆಲಸ ಹುಡುಕಿಕೊಂಡು ಊರು ಬಿಟ್ಟ ಎಂದೇ ಇಡೀ ಬೀದಿ ಇಪ್ಪತ್ತಾರು ವರ್ಷ ನಂಬಿಕೊಂಡು ಬಂದಿತ್ತು. ಯಾವ ದಿನ ಬಿಟ್ಟ ಎನ್ನುವುದರಲ್ಲಿ ಮಾತ್ರ ಯಾರಿಗೂ ಅನುಮಾನ ಇರಲಿಲ್ಲ. ಅದು ದೇಶದ ಅಧ್ಯಕ್ಷರ ವಿಮಾನ ಬೆಟ್ಟಕ್ಕೆ ಬಡಿದು ಬಿದ್ದ ದಿನ.

ಆ ದಿನವನ್ನು ಮರೆತವರು ದೇಶದಲ್ಲೇ ಇರಲಿಲ್ಲ. ನಿನ್ನೆ ಮಧ್ಯಾಹ್ನ ಏನು ತಿಂದೆ ಎಂದು ತಲೆ ಕೆರೆದುಕೊಳ್ಳುವವರೂ, "ವಿಮಾನ ಬಿದ್ದ ದಿನ ಎಲ್ಲಿದ್ರಿ?" ಎಂದ ತಕ್ಷಣ ಕುರ್ಚಿ ಎಳೆದುಕೊಂಡು ಕೂತುಬಿಡುತ್ತಿದ್ದರು. ಇನ್ಸ್‌ಪೆಕ್ಟರ್ ಮೂರು ದಿನದಿಂದ ಬೀದಿಯುದ್ದಕ್ಕೂ ಇದೇ ಪ್ರಶ್ನೆ ಕೇಳಿ ಕೇಳಿ ಸುಸ್ತಾಗಿದ್ದಳು. ಒಬ್ಬರ ಕೈಯಿಂದ ಹಾಲಿನ ಪಾತ್ರೆ ಬಿದ್ದಿತ್ತು. ಇನ್ನೊಬ್ಬರ ಕೂಸು ಅದೇ ಹೊತ್ತಿಗೆ ಮೊದಲ ಹೆಜ್ಜೆ ಇಟ್ಟಿತ್ತು. ಬೀದಿಯಲ್ಲಿ ಅವತ್ತು ಸುಮ್ಮನೆ ಕೂತಿದ್ದವರು ಒಬ್ಬರೂ ಇದ್ದಂತಿರಲಿಲ್ಲ.

"ಆಮೇಲೆ?" ಎಂದಳು.

"ಆಮೇಲೇನು. ಎದ್ದು ಓಡಿದೆ. ಕ್ಷೌರಿಕ ಹಿಂದಿನಿಂದ ಕೂಗ್ತಾನೇ ಇದ್ದ. ಮೇಲ್ಸೇತುವೆ ಮೆಟ್ಟಿಲು ಇಳೀವಾಗ ನೊರೆ ಒಣಗಿ ಚರ್ಮ ಎಳೀತಿತ್ತು. ಬೀದೀಲಿ ನರಪಿಳ್ಳೆ ಇರಲಿಲ್ಲ. ಎಲ್ಲ ಕಿಟಕಿಯಿಂದಲೂ ಒಂದೇ ಶೋಕಸಂಗೀತ."

"ತಮ್ಮ?"

"ಅವನು ಬೆಳಗ್ಗೇನೇ ಹೋಗಿದ್ನಲ್ಲ. ನಾನು ಮನೆ ಬಿಡೋವಾಗ್ಲೇ ಅವನ ಹಾಸಿಗೆ ಖಾಲಿ."

"ಯಾವ ಸೆಲೂನು ಅಂದ್ರಿ?"

ಯಜಮಾನರು ಕೊಂಚ ತಡೆದರು. "ನಮ್ಮ ಬೀದಿ ಕೊನೇದೇ ಇರ್ಬೇಕು. ಇನ್ಯಾವುದಿದೆ?"

ಬೀದಿಯವರು ಅವರಿಗೆ 'ಗಂಜಿ ಯಜಮಾನರು' ಎಂದು ಹೆಸರಿಟ್ಟಿದ್ದರು. ಅಂಗಿಗೆ ಹಾಕುವ ಗಂಜಿಯನ್ನು ಸ್ವಭಾವಕ್ಕೂ ಹಾಕಿಕೊಂಡವರು ಎಂಬುದು ಅದರ ಅರ್ಥ. ಠಾಣೆಯಲ್ಲಿ ಮೂರು ದಿನ ಕೂತರೂ ಅವರ ಕಾಲರಿನ ಮಡಿಕೆ ಕೆಟ್ಟಿರಲಿಲ್ಲ. ಆದರೆ ಆ ಕಾಲರಿನ ಮೇಲಿನ ಮುಖ ಮೂರೇ ದಿನದಲ್ಲಿ ಜೋತುಬಿದ್ದಿತ್ತು.

ಬಾಗಿಲು ಒಂದಿಷ್ಟು ತೆರೆಯಿತು. ಹೆಡ್ ಕಾನ್‌ಸ್ಟೇಬಲ್ ತಲೆ ಒಳಗಿಟ್ಟ. ಊರಿನ ಸುದ್ದಿಯೆಲ್ಲ ಮೊದಲು ತಲುಪುವುದು ಇವನಿಗೇ ಆದ್ದರಿಂದ ಠಾಣೆಯಲ್ಲಿ ಅವನನ್ನು ಟಪಾಲು ಎಂದೇ ಕರೆಯುತ್ತಿದ್ದರು.

"ಮೇಡಂ, ಒಂದ್ನಿಮಿಷ."

ಹೊರಗೆ ಬಂದ ಮೇಲೆ ಟಪಾಲು ಗೋಡೆಗೆ ಒರಗಿ ಪಿಸುಗುಟ್ಟಿದ. "ಕಥೆ ಮುಗೀತು ಮೇಡಂ. ಬೀದಿ ಕೊನೆ ಸೆಲೂನಿನವರನ್ನ ಕೇಳ್ಕೊಂಡು ಬಂದೆ. ಆ ಅಂಗಡಿ ಶುರುವಾಗಿದ್ದೇ ವಿಮಾನ ಬಿದ್ದ ಮುಂದಿನ ವರ್ಷ. ಆವತ್ತು ಅಲ್ಲಿ ಸೌದೆ ಡಿಪೋ ಇತ್ತಂತೆ."

"ಸೌದೆ ಡಿಪೋನಾ?"

"ಹೂಂ. ಯಜಮಾನ್ರು ಗಡ್ಡ ಮಾಡಿಸ್ಕೊಂಡಿದ್ದು ಕೊಡಲೀಲಿ ಅಂತ ಕಾಣ್ಸುತ್ತೆ."

ಇನ್ಸ್‌ಪೆಕ್ಟರ್ ನಗಲಿಲ್ಲ. ಅವಳಿಗಿಂತ ಮೊದಲೇ ಈ ಸುದ್ದಿ ಮಹಡಿಯ ಮೇಲಿನ ದೊಡ್ಡ ಸಾಹೇಬರಿಗೆ ಮುಟ್ಟಿದೆ ಎನ್ನುವುದು ಟಪಾಲುವಿನ ಮುಖ ನೋಡಿದರೇ ಗೊತ್ತಾಗುತ್ತಿತ್ತು.

ಸಾಹೇಬರು ಮಾತು ಬೆಳೆಸಲಿಲ್ಲ. "ಸುಳ್ಳು ಹೇಳಿ ಸಿಕ್ಕಿಬಿದ್ದಿದ್ದಾನೆ. ಇನ್ನೇನು ಬೇಕು? ಸಂಜೆ ನ್ಯಾಯಾಧೀಶರ ಮುಂದೆ ನಿಲ್ಲಿಸು, ಕೊಲೆ ಕೇಸು ಹಾಕು, ಕೈ ತೊಳ್ಕೋ."

"ಸುಳ್ಳು ಹೇಳೋರು ಹಾಗೆ ಹೇಳಲ್ಲ ಸಾರ್. ಇವರು ಕೆನ್ನೆ ಮುಟ್ಟಿಕೊಂಡು ಹೇಳ್ತಾರೆ."

"ನಾಟಕದವರೂ ಮುಟ್ಟಿಕೊಳ್ತಾರೆ."

"ಸಂಜೆ ತನಕ ಟೈಮ್ ಕೊಡಿ."

"ಕೊಟ್ಟಿದ್ದೀನಲ್ಲ. ಸಂಜೆ ಅಂದೆನಲ್ಲ."

* * *

ಊಟದ ಡಬ್ಬಿ ಬಿಚ್ಚಿದ್ದಳಷ್ಟೆ, ಅಕ್ಕನ ಫೋನು ಬಂತು. ಅಮ್ಮನ ಕನ್ನಡಕ ಮತ್ತೆ ಒಡೆದಿದೆಯಂತೆ, ಈ ಸಲ ಅದರ ಮೇಲೆ ಕೂತಿದ್ದು ಬೆಕ್ಕಲ್ಲ, ಸ್ವತಃ ಅಮ್ಮನೇ ಅಂತೆ.

"ಅಕ್ಕಾ, ಅದಿರ್ಲಿ. ವಿಮಾನ ಬಿದ್ದ ದಿನ ನೆನಪಿದೆಯಾ ನಿಂಗೆ?" ಎಂದಳು ಇನ್ಸ್‌ಪೆಕ್ಟರ್. ಮೂರು ದಿನದ ಚಾಳಿ, ಬಾಯಿಂದ ತಾನಾಗಿ ಬಂತು.

"ಯಾರಿಗೆ ಇರಲ್ಲ?"

"ನಂಗಂತೂ ಕಣ್ಣಿಗೆ ಕಟ್ಟಿದ ಹಾಗಿದೆ. ಭೂಗೋಳದ ಕ್ಲಾಸು. ಹೆಡ್ ಮಿಸ್ ಬಾಗಿಲಲ್ಲಿ ಬಂದು ನಿಂತ್ರು, ಕನ್ನಡಕ ಕೈಯಲ್ಲಿ ಹಿಡ್ಕೊಂಡು. ಏನೋ ಹೇಳೋಕೆ ಹೋದ್ರು, ಆಗ್ಲಿಲ್ಲ. ನಕ್ಷೆ ಇಳಿಬಿಟ್ಟಿದ್ದ ಗೋಡೆ ಕಡೆ ತಿರುಗಿ ಅತ್ತುಬಿಟ್ರು. ನಾನು ಮೂರನೇ ಬೆಂಚು, ಕಿಟಕಿ ಪಕ್ಕ."

ಆ ಕಡೆಯಿಂದ ಅಕ್ಕ ನಗತೊಡಗಿದಳು.

"ಯಾಕೆ ನಗ್ತಿದ್ದೀಯ?"

"ಅದು ನನ್ನ ಕ್ಲಾಸು ಕಣೇ! ಮೂರನೇ ಬೆಂಚು ನಂದು. ನಿಮ್ಮ ತರಗತಿಗೆ ಬೆಂಚೇ ಇರ್ಲಿಲ್ಲ, ನೆಲದ ಮೇಲೆ ಚಾಪೆ ಹಾಸಿ ಕೂರಿಸ್ತಿದ್ರು. ಅದೂ ಅಲ್ದೆ ಆವತ್ತು ನೀನು ಸ್ಕೂಲಿಗೇ ಬಂದಿರ್ಲಿಲ್ಲ. ಮಂಗನಬಾವು ಬಂದು ಮುಖ ಊದಿಸ್ಕೊಂಡು ಮಲಗಿದ್ದೆ."

"ಹೋಗೇ."

"ಅಮ್ಮನ್ನ ಕೇಳು ಬೇಕಾದ್ರೆ. ಸ್ಕೂಲು ಬಿಟ್ರು ಅಂತ ಓಡಿ ಬಂದು, ನಿನ್ನ ಹಾಸಿಗೆ ಮೇಲೆ ಕೂತು, ಹೆಡ್ ಮಿಸ್ ಹೇಗೆ ಅತ್ತರು ಅಂತ ಮಾಡಿ ತೋರಿಸಿದ್ದು ನಾನು. ನನ್ನ ಹಳೇ ಫ್ರಾಕು ಹಾಕ್ಕೊಂಡೇ ಬೆಳೆದೆ, ಸರಿ. ನೆನಪೂ ನಂದೇ ಬೇಕಾಯ್ತಾ?"

ಇನ್ಸ್‌ಪೆಕ್ಟರ್ ಅನ್ನದ ಡಬ್ಬಿ ಮುಚ್ಚಿದಳು.

ಕಿಟಕಿಯ ಬಿಸಿಲು ಬೆಂಚಿನ ಮೇಲೆ ಬಿದ್ದದ್ದು ಅವಳಿಗೆ ಈಗಲೂ ಕಾಣುತ್ತಿತ್ತು. ಸೀಮೆಸುಣ್ಣದ ವಾಸನೆ ಬರುತ್ತಿತ್ತು. ಹೆಡ್ ಮಿಸ್ ಅವರ ಭುಜ ಅದುರುವುದು ಕಾಣುತ್ತಿತ್ತು. ಅಷ್ಟೂ ಅಕ್ಕನದು. ಅವಳದ್ದೆಂದು ಉಳಿದದ್ದು ಒಂದು ಹಾಸಿಗೆ ಮತ್ತು ಊದಿದ ಮುಖ. ಅವು ಅವಳಿಗೆ ಒಂದಿಷ್ಟೂ ನೆನಪಿರಲಿಲ್ಲ.

ಈಗ ಯಾರಾದರೂ ತನ್ನನ್ನು ಆ ಕುರ್ಚಿಯಲ್ಲಿ ಕೂರಿಸಿ, ಆವತ್ತು ಎಲ್ಲಿದ್ದೆ ಎಂದು ಕೇಳಿದ್ದರೆ? ಆಣೆ ಮಾಡಿ ಮೂರನೇ ಬೆಂಚು ಎನ್ನುತ್ತಿದ್ದಳು. ಸುಳ್ಳುಗಾತಿ ಎಂದು ಒಳಗೆ ಹಾಕುತ್ತಿದ್ದರು.

"ಟಪಾಲು," ಎಂದು ಕರೆದಳು. "ಬೀದಿ ಕೊನೆಯಿಂದ ಲಾಂಡ್ರಿಗೆ ಬರೋವಾಗ ಮೇಲ್ಸೇತುವೆ ಸಿಗುತ್ತಾ?"

"ಇಡೀ ಊರಿಗೆ ಇರೋದು ಒಂದೇ ಮೇಲ್ಸೇತುವೆ ಮೇಡಂ. ರೈಲ್ವೆ ಸ್ಟೇಷನ್‌ದು. ಅದು ಪೂರ್ತಿ ಆ ಕಡೆ."

"ಯಜಮಾನರು ಪ್ರತಿ ಸಲ ಅದರ ಮೆಟ್ಟಿಲು ಇಳೀತಾರೆ. ನಾವ್ಯಾರೂ ಗಮನ ಕೊಡ್ಲಿಲ್ಲ. ಜೀಪು ತೆಗಿ."

* * *

ಬೀದಿ ಕೊನೆಯ ಸೆಲೂನಿನಲ್ಲಿ ಒಬ್ಬ ಗಿರಾಕಿ ಮುಖಕ್ಕೆ ಬಿಸಿ ಟವೆಲ್ ಹಾಕಿಕೊಂಡು ಮಲಗಿದ್ದ. ಕ್ಷೌರಿಕ ಅರವತ್ತು ದಾಟಿದವನು, ಕೈ ಮಾತ್ರ ಒಂದಿಷ್ಟೂ ನಡುಗದು. ಪೊಲೀಸರು ಎರಡನೇ ಸಲ ಬಂದದ್ದು ಅವನಿಗೆ ಬೇಸರವಾದಂತೆ ಕಾಣಲಿಲ್ಲ.

"ಇಲ್ಲಿಗೆ ಬರೋಕೆ ಮುಂಚೆ ಎಲ್ಲಿ ಕೆಲಸ ಮಾಡ್ತಿದ್ರಿ?" ಎಂದು ಕೇಳಿದಳು.

"ಸ್ಟೇಷನ್ ಎದುರುಗಡೆ, ನಮ್ಮ ಮಾವನ ಅಂಗಡೀಲಿ."

"ವಿಮಾನ ಬಿದ್ದ ದಿನಾನೂ?"

"ಅಲ್ಲೇ. ಅದನ್ನ ಸಾಯೋ ತನಕ ಮರೆಯಲ್ಲ ಮೇಡಂ."

"ಎಲ್ಲರೂ ಹಾಗೇ ಅಂತಾರೆ. ಹೇಳಿ."

ಕ್ಷೌರಿಕ ಕತ್ತಿಯನ್ನು ಮಡಿಸಿ ಪಕ್ಕಕ್ಕಿಟ್ಟ. "ಒಬ್ಬ ಹುಡುಗ ಕುರ್ಚೀಲಿದ್ದ. ಹುಡುಗ ಅಂದ್ರೆ ಇಪ್ಪತ್ತೈದರ ಒಳಗೆ. ಕಾಲ ಹತ್ರ ಒಂದು ಬ್ಯಾಗು. ಮಧ್ಯಾಹ್ನದ ರೈಲಿಗೆ ಹೊರಟಿದ್ದ. ಒಳ್ಳೇ ಖುಷೀಲಿದ್ದ, ಶಿಳ್ಳೆ ಹಾಕ್ತಿದ್ದ, ಶಿಳ್ಳೆ ಹಾಕಿದ್ರೆ ಕೆನ್ನೆ ಕುಯ್ದೋಗುತ್ತೆ ಕಣಪ್ಪ ಅಂತ ಬೈದೆ. ಒಂದು ಕಡೆ ಆಗಿತ್ತು. ಅಷ್ಟರಲ್ಲಿ ಹಾಡು ನಿಂತು ಸುದ್ದಿ ಬಂತು. 'ಅಯ್ಯೋ, ಅವಳೊಬ್ಬಳೇ ಇದ್ದಾಳೆ' ಅಂದವನೇ ಎದ್ದು ಓಡಿದ. ಕುತ್ತಿಗೆಗೆ ಸುತ್ತಿದ್ದ ಟವೆಲ್ ಸಮೇತ."

ಟಪಾಲು ಬಾಯಿ ತೆರೆದ. ಇನ್ಸ್‌ಪೆಕ್ಟರ್ ಕಣ್ಣಲ್ಲೇ ಮುಚ್ಚಿಸಿದಳು.

ಅವಳ ಚೀಲದಲ್ಲಿ ಅಣ್ಣ ತಮ್ಮಂದಿರ ಒಂದು ಹಳೇ ಫೋಟೋ ಇತ್ತು. ಅದನ್ನು ಹೊರಗೆ ತೆಗೆಯಲಿಲ್ಲ. ಫೋಟೋ ತೋರಿಸಿಬಿಟ್ಟರೆ ಆಮೇಲೆ ಫೋಟೋವೇ ನೆನಪಾಗಿ ಕೂತುಬಿಡುತ್ತದೆ ಎನ್ನುವುದು ಅವಳಿಗೆ ಇವತ್ತು ಚೆನ್ನಾಗಿ ತಿಳಿದಿತ್ತು.

"ಮುಖ ಹೇಗಿತ್ತು?"

"ಸಾಧಾರಣ ಮುಖ. ಒಂದು ಹುಬ್ಬು ಮಾತ್ರ ನಡುವೆ ಕಡಿದಿತ್ತು. ಸುಟ್ಟ ಗಾಯ ಅಂತ ಕಾಣುತ್ತೆ, ಅಷ್ಟು ಜಾಗದಲ್ಲಿ ಕೂದಲಿರ್ಲಿಲ್ಲ. 'ಏನಪ್ಪ ಇದು' ಅಂದ್ರೆ, 'ಇಸ್ತ್ರಿ ಪೆಟ್ಟಿಗೆ ಮುತ್ತಿಟ್ಟಿದ್ದು' ಅಂದ."

ಫೋಟೋದಲ್ಲಿದ್ದ ತಮ್ಮನ ಎಡಹುಬ್ಬು ಎರಡು ತುಂಡಾಗಿತ್ತು.

"ಈ ಕಥೆ ನೀವು ಲಾಂಡ್ರಿ ಯಜಮಾನರಿಗೆ ಯಾವತ್ತಾದ್ರೂ ಹೇಳಿದ್ದೀರಾ? ಗಡ್ಡ ಮಾಡೋವಾಗ, ಹೀಗೇ ಮಾತಿಗೆ ಮಾತು ಬಂದು?"

"ಅವರಿಗಾ?" ಕ್ಷೌರಿಕ ನಕ್ಕ. "ಅವರು ನನ್ನ ಅಂಗಡಿ ಹೊಸ್ತಿಲೇ ದಾಟಿಲ್ಲ ಮೇಡಂ. ಬೇರೆಯವರ ಕೈಗೆ ಕುತ್ತಿಗೆ ಕೊಡೋ ಆಸಾಮಿಯಲ್ಲ ಅದು. ಗಡ್ಡ ತಾವೇ ಮಾಡ್ಕೋತಾರೆ. ತಲೆಕೂದಲನ್ನ ಹೆಂಡತಿ ಕತ್ತರಿಸ್ತಾರೆ. ನೋಡಿದ್ರೇ ಗೊತ್ತಾಗಲ್ವಾ?"

ಬಿಸಿ ಟವೆಲಿನ ಕೆಳಗಿನಿಂದ ಗಿರಾಕಿ, "ವಿಮಾನ ಬಿದ್ದ ದಿನ ನಾನೆಲ್ಲಿದ್ದೆ ಅಂದ್ರೆ..." ಎಂದು ಶುರು ಮಾಡಿದ. ಇಬ್ಬರೂ ಹೊರಗೆ ಬಂದುಬಿಟ್ಟರು.

ಜೀಪು ಹತ್ತುವ ಮೊದಲೇ ಟಪಾಲು ತಡೆಯಲಾರದೆ ಹೇಳಿದ. "ಹಂಗಾದ್ರೆ ಗಡ್ಡ ಮಾಡಿಸ್ಕೊಂಡಿದ್ದು ಸತ್ತವನು! ಮಧ್ಯಾಹ್ನದ ಹೊತ್ತಿಗೆ ಬದುಕೇ ಇದ್ದ!"

"ಬದುಕಿದ್ದ. ಆವತ್ತು ಸುದ್ದಿ ಬಂದ ಮೇಲೆ ರೈಲು ಓಡಿತ್ತಾ?"

"ಎಲ್ಲಿ ಓಡುತ್ತೆ ಮೇಡಂ! ದೇಶಾನೇ ಬಂದ್ ಆಗಿತ್ತು. ನಮ್ಮ ಚಿಕ್ಕಪ್ಪ ಒಂದು ಹಗಲು ಒಂದು ರಾತ್ರಿ ಯಾವುದೋ ಸ್ಟೇಷನ್ನಲ್ಲಿ ಬಿದ್ದಿದ್ರು."

"ಹಾಗಿದ್ರೆ ಅವನು ಹೋಗಿಲ್ಲ. ಅವನ ಜೊತೆ ಹೋಗಬೇಕಿದ್ದವಳೂ ಹೋಗಿಲ್ಲ."

* * *

ಯಜಮಾನರನ್ನು ಠಾಣೆಯಲ್ಲಿ ಕೂರಿಸಿದ್ದರೂ ಲಾಂಡ್ರಿ ಮುಚ್ಚಿರಲಿಲ್ಲ. ಒಪ್ಪಿಕೊಂಡ ಬಟ್ಟೆ ಹೇಳಿದ ದಿನ ಕೊಡಬೇಕು ಎಂದು ಯಜಮಾನಿ ಹಟ ಹಿಡಿದಿದ್ದರು. ಐವತ್ತರ ಮೇಲಿನ ಹೆಂಗಸು, ಸಣ್ಣ ಮೈಕಟ್ಟು, ತೋಳು ಮಾತ್ರ ಗಟ್ಟಿ. ಹಿಂದಿನ ಕೋಣೆಯಲ್ಲಿ ಎದೆಮಟ್ಟದ ಮೇಜಿನ ಮೇಲೆ ಬಿಳೀ ಅಂಗಿ ಹರಡಿಕೊಂಡು ಇಸ್ತ್ರಿ ಹಾಕುತ್ತಿದ್ದರು. ಮೊದಲು ಕಾಲರು, ಆಮೇಲೆ ತೋಳು, ಆಮೇಲೆ ಬೆನ್ನು.

ಕಿಟಕಿಯಾಚೆ ಹಿತ್ತಲಿನ ಹಳ್ಳದ ಸುತ್ತ ಪೊಲೀಸರ ಪಟ್ಟಿ ಕಟ್ಟಿತ್ತು. ಅವರು ಆ ಕಡೆಗೆ ಬೆನ್ನು ಮಾಡಿ ನಿಂತಿದ್ದರು.

ಟಪಾಲುವನ್ನು ಮುಂದಿನ ಕೌಂಟರಿನಲ್ಲಿ ಬಿಟ್ಟು ಇನ್ಸ್‌ಪೆಕ್ಟರ್ ಒಬ್ಬಳೇ ಒಳಗೆ ಬಂದಳು. "ಅಮ್ಮಾ, ಒಂದೇ ಒಂದು ಪ್ರಶ್ನೆ. ನಿಮ್ಮನ್ನ ಕೇಳೋದು ಬಿಟ್ಟೇ ಹೋಗಿತ್ತು. ಸುದ್ದಿ ಬಂದಾಗ ನೀವೆಲ್ಲಿದ್ರಿ?"

"ಇಲ್ಲೇ. ಬಾಯ್ಲರ್ ಹತ್ರ." ಇಸ್ತ್ರಿ ನಿಲ್ಲಲಿಲ್ಲ.

"ಯಾರು ಹೇಳಿದ್ರು ನಿಮಗೆ?"

"ಯಾರು ಹೇಳ್ಬೇಕು? ರೇಡಿಯೋ."

"ಮನೇಲಿ ಯಜಮಾನರು?"

"ಹೊರಗೆ ಹೋಗಿದ್ರು."

"ಮೈದುನ?"

"ಬೆಳಗಿನ ರೈಲಿಗೇ ಹೋದ."

ಎಲ್ಲರೂ ಆ ದಿನದ ಬಗ್ಗೆ ಕೇಳಿದರೆ ಸಾಕು, ಹಾಲಿನ ಪಾತ್ರೆಯಿಂದ ಹಿಡಿದು ಹೇಳುತ್ತಿದ್ದರು. ಈ ಹೆಂಗಸಿನ ಬಳಿ ಮಾತ್ರ ಒಂದು ಬಾಯ್ಲರು, ಒಂದು ರೇಡಿಯೋ. ಇನ್ಸ್‌ಪೆಕ್ಟರಿಗೆ ಅದೇ ಸಾಕಾಯಿತು. ಇಷ್ಟು ದಿನದಲ್ಲಿ ಅವಳು ಕೇಳಿದ ಮೊದಲ ಸುಳ್ಳು ಇದು.

"ಬೆಳಗಿನ ರೈಲಿಗೆ ಹೋಗಿಲ್ಲಮ್ಮ. ಮಧ್ಯಾಹ್ನದ ರೈಲಿಗೆ ಕಾಯ್ತಿದ್ದ. ಸ್ಟೇಷನ್ ಎದುರು ಸೆಲೂನಲ್ಲಿ ಗಡ್ಡ ಮಾಡಿಸ್ಕೊಳ್ತಿದ್ದ. ಸುದ್ದಿ ಕೇಳಿ ಅರ್ಧಕ್ಕೇ ಎದ್ದು ಓಡಿದ. ಕ್ಷೌರಿಕ ಇನ್ನೂ ಬದುಕಿದ್ದಾನೆ. ಬಹಳ ಬೇಜಾರು ಮಾಡ್ಕೊಂಡ."

"ಬೇಜಾರಾಗದೆ ಇರುತ್ತಾ," ಎಂದರು ಯಜಮಾನಿ, ಅಂಗಿಯ ಬೆನ್ನು ತಿರುಗಿಸುತ್ತ. "ಅವನ ಟವೆಲ್ ವಾಪಸ್ ಕೊಡೋಕೂ ಆಗ್ಲಿಲ್ಲ."

ಟವೆಲಿನ ವಿಷಯ ಇನ್ಸ್‌ಪೆಕ್ಟರ್ ಬಾಯಿ ಬಿಟ್ಟಿರಲಿಲ್ಲ.

ಯಜಮಾನಿಗೆ ಅರ್ಥವಾಗಲು ಒಂದೆರಡು ಕ್ಷಣ ಹಿಡಿಯಿತು. ಇಸ್ತ್ರಿ ಪೆಟ್ಟಿಗೆಯನ್ನು ನಿಧಾನವಾಗಿ ಎತ್ತಿ ಪಕ್ಕದ ಕಲ್ಲಿನ ಮೇಲಿಟ್ಟರು.

"ಯಾರೋ ಹೇಳಿದ್ರು, ಕೇಳಿದ್ದೆ," ಎಂದರು.

"ಇರಬಹುದು. ಕೇಳಿದ್ದೂ ನೋಡಿದ ಹಾಗೇ ನೆನಪಿರುತ್ತೆ. ಅದು ನನಗೂ ಆಗಿದೆ, ನಾನು ತಪ್ಪು ತಿಳ್ಕೊಳಲ್ಲ. ಆದ್ರೆ ಯಾರು ಹೇಳಿದ್ರು ಅನ್ನೋದು ನಂಗೆ ಬೇಕು. ಇವತ್ತು ಸಂಜೆ ನಿಮ್ಮ ಯಜಮಾನರ ಮೇಲೆ ಕೊಲೆ ಕೇಸು ಬೀಳುತ್ತೆ."

ಯಜಮಾನಿ ಗೋಡೆ ಪಕ್ಕದ ಬಟ್ಟೆ ಬುಟ್ಟಿಯ ಅಂಚಿನ ಮೇಲೆ ಕೂತರು. ಕೈಗಳನ್ನು ತಿರುಗಿಸಿ ನೋಡಿಕೊಂಡರು. ಬಟ್ಟೆ ಒಗೆಯುವ ಸೋಡಾದ ನೀರಿನಲ್ಲಿ ಬೆರಳ ತುದಿಗಳೆಲ್ಲ ಸವೆದು ನುಣ್ಣಗಾಗಿದ್ದವು.

"ಯಾರೂ ಹೇಳ್ಲಿಲ್ಲ," ಎಂದರು. "ನಾನೇ ನೋಡ್ದೆ. ಪ್ಲಾಟ್‌ಫಾರಂ ಮೇಲೆ ನಿಂತಿದ್ದೆ. ನನ್ನ ಹತ್ರಾನೂ ಒಂದು ಬ್ಯಾಗಿತ್ತು."

ಇನ್ಸ್‌ಪೆಕ್ಟರ್ ತಲೆಯಾಡಿಸಿದಳು.

"ಈಗ ನೀವು ಏನಂದ್ಕೊಳ್ತೀರೋ ಅಂದ್ಕೊಳ್ಳಿ. ಅವರು ಕೆಟ್ಟವರಲ್ಲ ಮೇಡಂ. ಹೊಡೆದೋರಲ್ಲ, ಬೈದೋರಲ್ಲ. ಮಾತೇ ಆಡಿದೋರಲ್ಲ. ಮದುವೆಯಾಗಿ ಬಂದು ನಾಲ್ಕು ವರ್ಷ, ಈ ಮನೇಲಿ ನನ್ನ ಹತ್ರ ನಕ್ಕು ಮಾತಾಡಿದೋನು ಅವನೊಬ್ಬನೇ. ಅತ್ತಿಗೆ ಅಂತಾನೇ ಕರೀತಿದ್ದ. ಆಮೇಲೆ ಒಂದಿನ ಕರೆಯೋದು ನಿಲ್ಲಿಸ್ದ."

"ಅಲ್ಲಿ ಏನಾಯ್ತು?"

"ಏನಾಗುತ್ತೆ? ರೈಲಿಲ್ಲ ಅಂತ ಮೈಕಲ್ಲಿ ಹೇಳಿದ್ರು. ಪೊಲೀಸ್ನೋರು ಬಂದು ಎಲ್ಲರನ್ನೂ ಹೊರಗೆ ಕಳಿಸಿದ್ರು. ಎಲ್ಲರೂ ಅಧ್ಯಕ್ಷರಿಗೆ ಅಂತ ಅಳ್ತಿದ್ರು, ನಾನೂ ಅತ್ತೆ. ನನ್ನ ಅಳು ಯಾಕೆ ಅಂತ ಯಾರೂ ಕೇಳ್ಲಿಲ್ಲ. ಅವನು ಮುಖದ ತುಂಬ ಸೋಪು ಇಟ್ಕೊಂಡು, 'ನಗಬೇಡ ನೀನು' ಅಂತ ನನ್ನ ನಗಿಸೋಕೆ ನೋಡ್ತಿದ್ದ. ಮೇಲ್ಸೇತುವೆ ದಾಟಿದ್ವಿ. 'ನೀನು ಸಂತೆಗೆ ಹೋಗಿದ್ದೋಳ ಹಾಗೆ ಮುಂದಿನ ಬಾಗಿಲಿಂದ ಹೋಗು, ನಾನು ಸ್ವಲ್ಪ ಬಿಟ್ಟು ಹಿತ್ತಲಿಂದ ಬರ್ತೀನಿ, ನಾಳೆ ಇದೇ ಹೊತ್ತಿಗೆ ಮತ್ತೆ ಹೊರಡೋಣ' ಅಂದ. ಬ್ಯಾಗನ್ನ ಪರಿಚಯದವರ ಮನೇಲಿ ಬಿಟ್ಟು, ಅವರ ಹತ್ರಾನೇ ಒಂದಿಷ್ಟು ತರಕಾರಿ ಇಸ್ಕೊಂಡು, ಸುತ್ತು ಹಾಕ್ಕೊಂಡು ಬಂದೆ. ತಡ ಆಯ್ತು."

"ಅವನು ಬಂದಿದ್ನಾ?"

"ಇಲ್ಲ. ಮತ್ತೆ ಅವನನ್ನ ನೋಡೇ ಇಲ್ಲ." ಯಜಮಾನಿಯ ದನಿ ಏರಲೂ ಇಲ್ಲ, ಇಳಿಯಲೂ ಇಲ್ಲ. "ಮಾರನೇ ದಿನ ಸ್ಟೇಷನ್‌ಗೆ ಹೋದೆ. ಕತ್ತಲಾಗೋ ತನಕ ಕೂತೆ. ಧೈರ್ಯ ಸಾಲದೆ ಒಬ್ಬನೇ ಹೋದ ಅಂದ್ಕೊಂಡೆ. ಬೆಳಗಿನ ರೈಲಿಗೆ ಹೋದ ಅಂತ ಬೀದಿಗೆಲ್ಲ ಹೇಳಿದ್ದು ನಾನೇ, ಮಾನ ಉಳೀಲಿ ಅಂತ. ಇಷ್ಟು ವರ್ಷ ಅವನ ಮೇಲೆ ಸಿಟ್ಟು ಮಾಡ್ಕೊಂಡೇ ಬದುಕಿದೆ ಮೇಡಂ. ಹೇಡಿ ಅಂತ ಬೈಕೊಂಡೇ ಈ ಮೇಜಿನ ಹತ್ರ ನಿಂತೆ. ಅವನು ನೋಡಿದ್ರೆ..."

ಅವರು ಕಿಟಕಿಯ ಕಡೆ ತಿರುಗಲಿಲ್ಲ. ಕೈ ಮಾತ್ರ ಹಿಂದಕ್ಕೆ, ಹಳ್ಳದ ದಿಕ್ಕಿಗೆ ಹೋಗಿ ಗಾಳಿಯಲ್ಲೇ ನಿಂತಿತು.

ಇನ್ಸ್‌ಪೆಕ್ಟರಿಗೆ ಒಂದು ಲೋಟ ನೀರು ತಂದುಕೊಡಬೇಕೆನಿಸಿತು. ಆದರೆ ಕೇಳಬೇಕಾದ್ದು ಇನ್ನೊಂದಿತ್ತು, ಅದನ್ನು ಈಗಲೇ ಕೇಳಬೇಕಿತ್ತು.

"ಈ ಅರ್ಧ ಗಡ್ಡದ ವಿಷಯ ನಿಮ್ಮ ಯಜಮಾನರಿಗೆ ಯಾವತ್ತಾದ್ರೂ ಹೇಳಿದ್ದೀರಾ? ಬೇರೆ ಯಾರದೋ ಕಥೆ ಅಂತಲಾದ್ರೂ?"

"ನಾನಾ? ಹೇಗೆ ಹೇಳ್ಲಿ? ಹೇಳಿದ್ರೆ ನಿನಗೇನು ಕೆಲಸ ಸ್ಟೇಷನ್ನಲ್ಲಿ ಅಂತ ಕೇಳಲ್ವಾ? ಬಾಯಿಗೆ ಬೀಗ ಹಾಕ್ಕೊಂಡು ಕೂತಿದ್ದೀನಿ."

"ಅಮ್ಮಾ, ಅವರು ಮೂರು ದಿನದಿಂದ ಅದೇ ಕಥೆ ಹೇಳ್ತಿದ್ದಾರೆ. ಎಡಗೆನ್ನೆ ಮುಗಿದಿತ್ತು, ಬಲಗೆನ್ನೆ ತುಂಬ ನೊರೆ, ಮೇಲ್ಸೇತುವೆ ಮೆಟ್ಟಿಲು. ತಮ್ಮದೇ ಅಂತ ಹೇಳ್ತಿದ್ದಾರೆ."

ಯಜಮಾನಿ ಎದ್ದು ನಿಂತರು. ಏನೋ ಕೆಲಸ ನೆನಪಾದವರ ಹಾಗೆ ಇಸ್ತ್ರಿ ಪೆಟ್ಟಿಗೆ ತೆಗೆದು ಅಂಗಿಯ ಮೇಲಿಟ್ಟರು. ಇಟ್ಟವರು ಹಾಗೇ ನಿಂತುಬಿಟ್ಟರು. ಸುಟ್ಟ ಬಟ್ಟೆಯ ವಾಸನೆ ಎದ್ದಾಗ ಇನ್ಸ್‌ಪೆಕ್ಟರೇ ಕೈ ಚಾಚಿ ಪೆಟ್ಟಿಗೆಯನ್ನು ಎತ್ತಬೇಕಾಯಿತು.

"ಬಲಗೆನ್ನೇನೇ," ಎಂದರು ಯಜಮಾನಿ. "ನೊರೆ ಇದ್ದಿದ್ದು ಬಲಗಡೆಗೇ."

"ನೀವು ಮನೆಗೆ ಬಂದಾಗ ಯಜಮಾನರು ಎಲ್ಲಿದ್ರು? ಹೊರಗೆ ಹೋಗಿದ್ರು ಅನ್ನೋದು ಬಿಡಿ. ನಿಜ ಹೇಳಿ."

"ಮಲಗಿದ್ರು. ಗೋಡೆ ಕಡೆ ಮುಖ ಮಾಡಿ. ಜ್ವರ ಅಂದ್ರು. ಎರಡು ದಿನ ಏಳ್ಲಿಲ್ಲ, ಊಟ ಮಾಡ್ಲಿಲ್ಲ. ನಾನು... ಊರಿಗೆ ಊರೇ ಹಾಗಿತ್ತಲ್ಲ ಮೇಡಂ. ಯಾರ ಮನೇಲೂ ಒಲೆ ಹಚ್ಚಿರ್ಲಿಲ್ಲ. ಎಲ್ಲರ ಹಾಗೆ ಇವರೂ ಅಂದ್ಕೊಂಡೆ."

ಕೌಂಟರಿನಲ್ಲಿ ಯಾರೋ ಗಂಟೆ ಬಾರಿಸಿದರು. ಬಟ್ಟೆ ಕೇಳಲು ಬಂದವರಿರಬೇಕು. ಇಬ್ಬರೂ ಅಲುಗಲಿಲ್ಲ.

* * *

ಠಾಣೆಗೆ ವಾಪಸು ಬರುವ ದಾರಿಯಲ್ಲಿ ಟಪಾಲು ಒಂದೇ ಒಂದು ಮಾತಾಡಿದ. "ಅವರನ್ನ ಉಳಿಸೋಕೆ ಹೋಗಿ ನಾವೇ ಹಗ್ಗ ಹೊಸೆದ ಹಾಗಾಯ್ತು ಮೇಡಂ."

ಅದು ಸರಿಯಿತ್ತು. ಗಡ್ಡದ ಕಥೆ ತಮ್ಮನದು. ಕ್ಷೌರಿಕ ಹೇಳಿಲ್ಲ, ಹೆಂಡತಿ ಹೇಳಿಲ್ಲ. ಹಾಗಿದ್ದರೆ ಅಣ್ಣನಿಗೆ ಅದನ್ನು ಹೇಳಬಲ್ಲವನು ತಮ್ಮ ಒಬ್ಬನೇ. ಅದೂ ಮೇಲ್ಸೇತುವೆ ಇಳಿದು ಮನೆಗೆ ಬಂದ ಮೇಲೆ. ಆವತ್ತೇ. ನೊರೆ ಒಣಗಿ ಚರ್ಮ ಎಳೆದದ್ದನ್ನೂ ಬಿಡದೆ, ಮಾತಿನ ಮಲ್ಲನ ಹಾಗೆ ಬಣ್ಣಿಸಿ ಹೇಳಿದ್ದಾನೆ. ಅಣ್ಣ ಅದನ್ನು ಕೇಳಿಸಿಕೊಂಡು ಇಪ್ಪತ್ತಾರು ವರ್ಷ ತನ್ನದೆಂದು ಇಟ್ಟುಕೊಂಡಿದ್ದಾನೆ.

ತನ್ನದೇನಿತ್ತೋ, ಅದನ್ನು ಎಲ್ಲಿಟ್ಟಿದ್ದಾನೆ?

ಸಾಹೇಬರ ಕಾಗದಗಳು ಸಿದ್ಧವಾಗಿ ಮೇಜಿನ ಮೇಲಿದ್ದವು. ಇನ್ಸ್‌ಪೆಕ್ಟರ್ ಅವನ್ನು ಮುಟ್ಟದೆ ವಿಚಾರಣೆ ಕೋಣೆಗೆ ನಡೆದಳು. ಯಜಮಾನರು ಕೂತಲ್ಲೇ ಕೂತಿದ್ದರು. ಯಾರೋ ಕೊಟ್ಟ ಟೀ ಕೆನೆಗಟ್ಟಿತ್ತು.

"ಕೊನೇ ಸಲ ಕೇಳ್ತೀನಿ ಯಜಮಾನ್ರೇ. ಸೆಲೂನಿಂದ ಬೇಡ. ಮೇಲ್ಸೇತುವೆಯಿಂದ ಹೇಳಿ. ಕಣ್ಣು ಮುಚ್ಕೊಳ್ಳಿ."

ಅವರು ಹೇಳಿದಂತೆ ಮಾಡಿದರು. ಕೈ ತಾನಾಗಿ ಬಲಗೆನ್ನೆಗೆ ಹೋಯಿತು.

"ಮೆಟ್ಟಿಲು ಇಳಿದೆ. ಬೀದಿ ಖಾಲಿ. ಎಲ್ಲ ಅಂಗಡಿ ಬಾಗಿಲು ಹಾಕಿದ್ರು. ನಾಯಿ ಒಂದು ಜೊತೇಲಿ ಬಂತು, ಸೋಪಿನ ವಾಸನೆಗೆ. ಮುಂದಿನ ಬಾಗಿಲಿಗೆ ಹೋಗ್ಲಿಲ್ಲ. ಹಿತ್ತಲ ಕಡೆ ಹೋದೆ."

"ಯಾಕೆ ಹಿತ್ತಲ ಕಡೆ?"

"ಯಾಕೆ..." ಹುಬ್ಬು ಗಂಟಿಕ್ಕಿತು. "ಗೊತ್ತಿಲ್ಲ. ಹಾಗೇ ಹೋದೆ."

"ಹಿತ್ತಲ ಬಾಗಿಲು ತೆರೆದಿತ್ತಾ?"

"ಇಲ್ಲ, ಹಾಕಿತ್ತು. ತಟ್ಟಿದೆ. ಒಳಗೆ ರೇಡಿಯೋ ಸಣ್ಣಗೆ ಕೇಳಿಸ್ತಿತ್ತು. ಮತ್ತೆ ತಟ್ಟಿದೆ. ಚಿಲಕ ತೆಗೆಯೋ ಸದ್ದಾಯ್ತು."

"ಯಾರು ತೆಗೆದ್ರು?"

ಫ್ಯಾನು ತಿರುಗುತ್ತಿತ್ತು.

ಯಜಮಾನರ ಕೈ ಕೆನ್ನೆಯಿಂದ ಜಾರಿ ತೊಡೆಯ ಮೇಲೆ ಬಿತ್ತು. ಅವರು ಕಣ್ಣು ತೆರೆದರು. ಆ ಕಣ್ಣುಗಳಲ್ಲಿ ಸಿಕ್ಕಿಬಿದ್ದವನ ಭಯ ಇರಲಿಲ್ಲ. ಸ್ವಂತ ಮನೆಯಲ್ಲಿ ಹೊಸದೊಂದು ಕೋಣೆ ಕಂಡವನ ಬೆರಗಿತ್ತು.

"ನಾನು," ಎಂದರು. "ಬಾಗಿಲು ತೆಗೆದಿದ್ದು ನಾನು. ಹೊರಗೆ ಅವನು ನಿಂತಿದ್ದ. ಅರ್ಧ ಮುಖಕ್ಕೆ ಸೋಪು. ನಗ್ತಿದ್ದ ಮೇಡಂ... ಅಣ್ಣಾ, ಏನಾಯ್ತು ಗೊತ್ತಾ ಅಂತ ಅಲ್ಲೇ ಮೆಟ್ಟಿಲ ಮೇಲೆ ಕೂತು ಎಲ್ಲ ಹೇಳ್ದ."

"ಆಮೇಲೆ?"

"ನಾನು ಒಳಗೆ ಹೋದೆ. ಅವನಿಗೆ ಮುಖ ತೊಳ್ಕೊಳ್ಳೋಕೆ ನೀರು ತರೋಕೆ."

"ಆಮೇಲೆ, ಯಜಮಾನ್ರೇ?"

ಅವರು ಬಾಗಿಲ ಕಡೆ ಕಿವಿಗೊಟ್ಟರು.

"ಅವನ ದನಿ ಕೇಳಿಸ್ತಿತ್ತು. ಯಾರ ಜೊತೆಗೋ ಮಾತಾಡ್ತಿದ್ದ. ಅದೇ ಗಡ್ಡದ ಕಥೆ, ಮತ್ತೆ ಮೊದಲಿಂದ. ಅಷ್ಟರಲ್ಲಿ ಯಾರೋ ರೇಡಿಯೋ ಜೋರು ಮಾಡಿದ್ರು. ಮನೇಲಿ ನಾನೊಬ್ಬನೇ ಇದ್ದೆ ಮೇಡಂ."